ನೀರಿನ ಹಿಂದಿನ ಕಲ್ಲು

ಬಂಡೆಗಳಿನ್ನೂ ಬೆಣ್ಣೆಯ ಹಾಗೆ ಮೆತ್ತಗಿದ್ದ ಕಾಲದಲ್ಲಿ ಒಂದು ಹೊಳೆ ಇತ್ತಂತೆ, ಆ ಹೊಳೆಗೆ ಏಳು ಮಂದಿ ಹೆಣ್ಣುಮಕ್ಕಳಂತೆ, ಆರು ಮಂದಿ ಬಯಲಿಗೆ ಹರಿದು ಗದ್ದೆ ತೋಟ ಸೇರಿ ಸಂಸಾರಸ್ಥರಾದರಂತೆ, ಏಳನೆಯವಳು ಮಾತ್ರ — ಮಬ್ಬು, ಎಲ್ಲ ಮಬ್ಬು, ಕ್ಯಾಮೆರಾದ ಕಿಂಡಿಗೆ ಕಣ್ಣು ಹಚ್ಚಿದ್ದ ಪಂಪಾವತಿಯ ಉಸಿರೇ ಗಾಜಿಗೆ ತಾಗಿ ದಬದಬಿ ಜಲಪಾತ ಮಾಯವಾಯಿತು, ಅಷ್ಟೆತ್ತರದ ನೀರು ಒಂದು ಬೂದಿ ಕಲೆಯಾಗಿ ಉಳಿಯಿತು, ವೇಲಿನ ತುದಿಯಿಂದ ಒರೆಸಿದರೆ ಮತ್ತೆ ಬಂತು, ಮೇಲೆ ಕೆಂಬಂಡೆಯ ತುಟಿ, ಅಲ್ಲಿಂದ ಇಳಿಬಿದ್ದ ನೀರು, ಕೆಳಗೆ ಕಪ್ಪು ಮಡು, ನಡುವೆ ನೀರಿನ ಹಿಂದೆ ಆ ಕಲ್ಲು, ಅದನ್ನು ಈಗಲೇ ನೋಡುವುದು ಬೇಡ, ಮೊದಲು ಕಥೆ ಮುಗಿಯಲಿ — ಏಳನೆಯವಳು ಗಂಡನ ಮನೆಯಿಂದ ತಿರುಗಿ ಬಂದಳಂತೆ, ತಿರುಗಿ ಬಂದವಳ ಜೊತೆ ಮನೆಯಲ್ಲಿ ಯಾರೂ ಮಾತಾಡಲಿಲ್ಲವಂತೆ, ಗುಡ್ಡದ ಸಂದಿಗೆ ಹೋಗಿ ನೀರನ್ನೇ ಪರದೆ ಮಾಡಿಕೊಂಡು ಅದರ ಹಿಂದೆ ಕಲ್ಲಿನ ಕಟ್ಟೆಯ ಮೇಲೆ ಕೂತು ಇವತ್ತಿಗೂ ಜಡೆ ಹೆಣೆದುಕೊಳ್ಳುತ್ತಿದ್ದಾಳಂತೆ, ಹೆಸರು ಹಿಡಿದು ಮೂರು ಸಲ ಕರೆದರೆ ಸಾಕು, ಹೊರಗೆ ಬರುತ್ತಾಳಂತೆ. ಯಾರು ಕರದ್ರು ಆಯಿ? ಸಣ್ಣ ಪಂಪಾವತಿ ಆಯಿಯ ಮಡಿಲಲ್ಲಿ ತಲೆಯಿಟ್ಟು ಪ್ರತಿ ಸಲ ಕೇಳುತ್ತಿದ್ದಳು, ಆಯಿ ಅವಳ ಕೂದಲಲ್ಲಿ ಬೆರಳಾಡಿಸುತ್ತ ಪ್ರತಿ ಸಲ ಅದನ್ನೇ ಹೇಳುತ್ತಿದ್ದಳು, ಯಾರೂ ಕರೀಲಿಲ್ಲ ನನ್ನವ್ವ, ಎಲ್ಲಾರಿಗೂ ಕೆಲಸ ಇತ್ತು.

ಚಳಿ, ಬೆರಳ ತುದಿಗೆ ಜೀವವೇ ಇಲ್ಲ, ಕ್ಯಾಮೆರಾದ ಗುಂಡಿ ಒತ್ತಿದ್ದೂ ತಿಳಿಯುವುದಿಲ್ಲ. ಸೂರ್ಯ ಮೂಡಣದ ಗುಡ್ಡದ ಆಚೆಯೇ ಇದ್ದಾನೆ, ಇನ್ನು ಸ್ವಲ್ಪ ಹೊತ್ತು, ಆಮೇಲೆ ಒಮ್ಮೆಲೇ ಹಾರಿ ಬಂದು ನೀರಿನ ಮೇಲೆ ಬೀಳುತ್ತಾನೆ, ಚಳಿಗಾಲದ ಬಿಸಿಲು ಹಾಗೇ, ತಗ್ಗಿನಿಂದ ಓರೆಯಾಗಿ ಬಂದು ಕಣ್ಣಿಗೇ ಚುಚ್ಚುತ್ತದೆ. ಹಿಂದೆ ಅತ್ತಿ ಮರದ ಬುಡದಲ್ಲಿ ಕಂಬಳಿ ಹೊದ್ದು ಆಯಿ ಕೂತಿದ್ದಾಳೆ, ಗಾಳೆಮ್ಮ, ಅವ್ವನ ಅವ್ವ, ಪಂಪಾವತಿಯನ್ನು ಸಾಕಿ ಬೆಳೆಸಿದವಳು, ಅವಳ ಕೆಮ್ಮು ಕೇಳಿಸುತ್ತದೆ, ಎಲೆಯಡಿಕೆ ಕುಟ್ಟುವ ಸಣ್ಣ ಸದ್ದು ಕೇಳಿಸುತ್ತದೆ, ತಿರುಗಿ ನೋಡುವ ಧೈರ್ಯ ಮಾತ್ರ ಇಲ್ಲ. ಇವತ್ತು ಎಳ್ಳ ಅಮಾಸಿ, ಊರ ಮಂದಿಯೆಲ್ಲ ಬುಟ್ಟಿಯಲ್ಲಿ ಸಜ್ಜಿರೊಟ್ಟಿ ಪುಂಡಿಪಲ್ಯ ಶೇಂಗಾಹೋಳಿಗೆ ಹೊತ್ತು ಹೊಲಕ್ಕೆ ಭೂತಾಯಿಯ ಎಡೆ, ಚರಗ, ಚೆಲ್ಲಲು ಹೊರಟಿದ್ದರೆ ಇವರಿಬ್ಬರು ಕತ್ತಲು ಹರಿಯುವ ಮೊದಲೇ ಕೊಪ್ಪಳದ ಪಕ್ಕದ ಭಾಗ್ಯನಗರ ಬಿಟ್ಟು ಹುಲಗಪ್ಪನ ಟಂಟಂ ಆಟೋದಲ್ಲಿ ಕುಷ್ಟಗಿ ಕಡೆಯ ಈ ಕುರುಚಲು ಕಾಡಿಗೆ ಬಂದಿದ್ದಾರೆ, ದಾರಿಯುದ್ದಕ್ಕೂ ಹುಲಗಪ್ಪನ ಬಾಯಿ ಸುಮ್ಮನಿರಲಿಲ್ಲ, ಅಲ್ಲಬೇ ಪಂಪವ್ವ, ನಿನ್ನ ವಾರಿಗಿಯವರು ವರನ ಫೋಟೋ ನೋಡಾಕತ್ಯಾರ, ನೀ ನೋಡಿದರ ನೀರಿನ ಫೋಟೋ ಹಿಡಿಯಾಕ ಹೊಂಟಿ, ನೀರೇನು ನಿಂತು ನಗತೈತೇನು? ಆಯಿ ಹಿಂದಿನಿಂದ, ಲೇ ಹುಲಗ್ಯಾ, ನೀ ಮುಂದ ನೋಡಿ ಗಾಡಿ ಹೊಡಿ, ನನ್ನ ಕಣ್ಣು ಹೋಗ್ಯಾವು, ನಿನ್ನವರ ಇರಲಿ, ಅಂದಳು, ಅವನು ನಕ್ಕ, ಪಂಪಾವತಿಯೂ ನಕ್ಕಳು, ನಗುವಾಗ ಮಡಿಲಲ್ಲಿದ್ದ ಕ್ಯಾಮೆರಾ ಚೀಲ ಹೆಣದಷ್ಟು ಭಾರವಾಯಿತು.

ಕಣ್ಣು ಹೋಗಿವೆ. ಒಂದು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಊದುಗೊಳವಿಯಷ್ಟು ಸಂದು ಉಳಿದಿದೆ, ಊದುಗೊಳವಿಯೊಳಗಿಂದ ನೋಡಿದಂಗ ಕಾಣತೈತವ್ವ, ನಿನ್ನ ಮೂಗು ಕಂಡರ ಬಾಯಿ ಕಾಣಂಗಿಲ್ಲ. ಎಷ್ಟು ವರ್ಷ ಭಾಗ್ಯನಗರದ ಆ ಮನೆಯ ಬಾಗಿಲಲ್ಲಿ ಕೂತು ಕೂದಲು ಬಿಡಿಸಿದಳು, ಯಾರು ಯಾರದೋ ತಲೆಯಿಂದ ಉದುರಿದ ಕೂದಲಿನ ಗಂಟು ಗಂಟು, ಎಳೆ ಎಳೆಯಾಗಿ ಬಿಡಿಸಿ ಉದ್ದದ್ದು ಬೇರೆ ಗಿಡ್ಡದ್ದು ಬೇರೆ ಮಾಡಿ ವ್ಯಾಪಾರಸ್ಥರಿಗೆ ಕೊಡುವ ಕೆಲಸ, ಆ ಕರಿ ಎಳೆಗಳೇ ಆಯಿಯ ಕಣ್ಣಿಗೆ ಸುತ್ತಿಕೊಂಡವು ಎಂದು ಪಂಪಾವತಿ ನಂಬಿದ್ದಳು, ಕೊಪ್ಪಳದ ಡಾಕ್ಟರು ಕಣ್ಣಿನೊಳಗಿನ ಒತ್ತಡ ಅಂದರು, ಹೋದ ನೋಟ ತಿರುಗಿ ಬರೂದಿಲ್ಲಮ್ಮ, ಉಳಿದದ್ದು ಈ ಬ್ಯಾಸಗಿ ಕಂಡರ ಪುಣ್ಯ. ಹೊರಗೆ ಬಂದ ಮೇಲೆ ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ಆಯಿ ಅವಳ ಕೈ ಹಿಡಿದು ಕೇಳಿದ್ದು ದೇವರನ್ನಲ್ಲ, ಕಾಶಿಯನ್ನಲ್ಲ, ಮೊಮ್ಮಗಳ ಮದುವೆಯನ್ನೂ ಅಲ್ಲ. ದಬದಬಿ ಹಿಂದ ಒಂದು ಕಲ್ಲು ಐತಿ, ನಿಮ್ಮವ್ವ ಗಂಗಾ ಆವತ್ತ ನಿಂತಿದ್ದ ಕಲ್ಲು, ಅದು ಎಷ್ಟು ಅಗಲ ಐತಿ ಅಂತ ನಾ ಒಮ್ಮಿ ನನ್ನ ಕಣ್ಣಲೆ ನೋಡಬೇಕು ಪಂಪವ್ವ. ಒಂದು ಹೆಜ್ಜಿ ಊರೋವಷ್ಟು ಐತೋ, ಕುಂದ್ರೋವಷ್ಟು ಐತೋ. ಅಷ್ಟೇ. ಹೆಜ್ಜೆಯಷ್ಟೇ ಇದ್ದರೆ ಅವ್ವ ಜಾರಿ ಮಡುವಿಗೆ ಬಿದ್ದು ಸತ್ತಿದ್ದಾಳೆ, ಆಯಿ ಪೊಲೀಸರ ಮುಂದೆ ಹೇಳಿದ್ದು, ನವಲಿಯಿಂದ ಬಂದ ಅಪ್ಪನ ಮುಂದೆ ಹೇಳಿದ್ದು, ಮನೆದೇವರ ಮುಂದೆ ಹಣೆ ಚಚ್ಚಿಕೊಂಡು ಹೇಳಿದ್ದು ಅದನ್ನೇ, ಜಾರಿದಳ್ರೀ ನನ್ನ ಮಗಳು, ಕಾಲು ಜಾರ್ತು. ಕೂರುವಷ್ಟು ಅಗಲ ಇದ್ದರೆ — ಅಗಲವಾದ ಒಣ ಕಲ್ಲಿನ ಮೇಲಿಂದ ಯಾರು ಜಾರುತ್ತಾರೆ. ಮೇಲೆ ಹತ್ತಿ ಹೋಗಿ ನೋಡೋಣವೆಂದರೆ ಅವ್ವ ಹತ್ತಿದ್ದ ಮೆಟ್ಟಿಲಿನಂಥ ಬಂಡೆಗಳು ಯಾವುದೋ ದೊಡ್ಡ ಮಳೆಗೆ ಉರುಳಿ ಮಡುವಿಗೆ ಬಿದ್ದಿವೆ, ಈಗ ಅಲ್ಲಿಗೆ ದಾರಿಯಿಲ್ಲ, ದಡದಿಂದ ನೋಡಬಹುದು ಅಷ್ಟೇ, ಅದೂ ಕಣ್ಣಿದ್ದವರು.

ಪಂಪಾವತಿಗೆ ಕಣ್ಣಿವೆ. ಪಂಪಾವತಿ ಮೊದಲ ದಿನವೇ ನೋಡಿದ್ದಾಳೆ. ದೀಪಾವಳಿ ಮುಗಿದು ನೀರು ತೆಳುವಾದ ಮೇಲೆ ಮೊದಲ ಸಲ ಒಬ್ಬಳೇ ಬಂದಾಗ, ಟ್ರೈಪಾಡಿನ ಕಾಲು ಬಿಚ್ಚುವ ಮೊದಲೇ, ನೀರಿನ ಎಳೆಗಳ ನಡುವಿನ ನೆರಳಲ್ಲಿ ಆ ಕಲ್ಲು ಕಂಡಿತು, ಕಂಡ ಕೂಡಲೇ ತಲೆ ತಗ್ಗಿಸಿ ಬ್ಯಾಟರಿ ಹುಡುಕತೊಡಗಿದಳು, ಅಷ್ಟರಲ್ಲಿ ಬಿಸಿಲು ಬಂತು, ಎಷ್ಟು ಒಳ್ಳೆಯ ಬಿಸಿಲು, ಎಷ್ಟು ಕೆಟ್ಟ ಬಿಸಿಲು, ನೀರು ಉರಿಯುವ ಬಿಳುಪಾಯಿತು, ಅದರ ಹಿಂದಿನದೆಲ್ಲ ಇದ್ದಿಲು ಕಪ್ಪಾಯಿತು, ಮನುಷ್ಯರ ಕಣ್ಣು ಎರಡನ್ನೂ ಒಟ್ಟಿಗೆ ನೋಡಬಲ್ಲದು, ಕ್ಯಾಮೆರಾಕ್ಕೆ ಆ ಶಕ್ತಿಯಿಲ್ಲ, ಬಿಳಿಯನ್ನು ಉಳಿಸಿಕೊಂಡರೆ ಕಪ್ಪು ಮುಳುಗುತ್ತದೆ, ಕಪ್ಪನ್ನು ಎತ್ತಿದರೆ ಬಿಳಿ ಸುಟ್ಟುಹೋಗುತ್ತದೆ, ಅವಳು ತೆಗೆದಳು, ತೆಗೆಯುತ್ತಲೇ ಇದ್ದಳು, ಒಂದರಲ್ಲೂ ಕಲ್ಲಿಲ್ಲ. ಬೆಳಕು ಕೈಕೊಟ್ಟಿತು ಆಯೀ. ಹೌದೇನವ್ವ, ಇರಲಿ, ಮತ್ತೊಮ್ಮಿ ಹೋಗು. ಮತ್ತೊಮ್ಮೆ ಹೋದಳು, ಮೊದಲ ಬಸ್ಸು ಬಿಟ್ಟು ಎರಡನೆಯದು ಹತ್ತಿ ಹೋದಳು, ಬಿಸಿಲು ಅವಳಿಗಿಂತ ಮೊದಲೇ ಬಂದು ಕಾದಿತ್ತು, ಸರಿ, ಮಬ್ಬುಗಾಜು ಹಾಕಿ ಬೆಳಕನ್ನು ಕುಗ್ಗಿಸಿ ಶಟರನ್ನು ಬಹಳ ಹೊತ್ತು ತೆರೆದಿಟ್ಟಳು, ನೀರು ರೇಷ್ಮೆಯಾಯಿತು, ಹಾಲಾಯಿತು, ಕ್ಯಾಲೆಂಡರಿಗೆ ಹಾಕುವಂಥ ಚಿತ್ರ, ಅವಳು ಕೆಲಸ ಮಾಡುವ ಸ್ಟುಡಿಯೋದ ರಾಜಾಸಾಬ ಕಾಕಾ ನೋಡಿ ವ್ಹಾ ಬೇಟಿ, ಜನ್ನತ್ ತಂದೀಯಲ್ಲ, ಸ್ವರ್ಗಾನ, ಅಂದ, ದೊಡ್ಡದು ಮಾಡಿಸಿ ಗೋಡೆಗೆ ಹಾಕೂಣ ಅಂದ. ಆಯಿ ಆ ಚಿತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ತನ್ನ ಊದುಗೊಳವಿಯನ್ನು ಮೇಲಿಂದ ಕೆಳಗೆ ಸರಿಸುತ್ತ ಸರಿಸುತ್ತ ನೋಡಿದಳು, ಇದೇನಬೇ ಇದು, ಎಮ್ಮಿ ಕರದಾರೇನು ಗುಡ್ಡದ ಮ್ಯಾಲ? ನಾ ನೀರು ಕೇಳಿದರ ನೀ ಹಾಲು ತಂದಿ.

ಗುಡ್ಡದ ಅಂಚು ಸ್ವಲ್ಪ ಹೊಳೆಯುತ್ತಿದೆ, ಒಂದು ಕೂದಲೆಳೆಯಷ್ಟು ಹೊಳಪು, ಬೇಗ, ಬೇಗ ಪಂಪಾವತಿ, ಇಲ್ಲ, ನಿಧಾನ, ಬಂದರೆ ಬರಲಿ ಬಿಸಿಲು, ಬಂದುಬಿಡಲಿ, ಮತ್ತೆ ಬೆಳಕು ಕೈಕೊಟ್ಟಿತು ಅನ್ನಬಹುದು, ಇನ್ನೊಂದು ಅಮಾಸಿ, ಇನ್ನೊಂದು — ಇನ್ನೊಂದಿಲ್ಲ, ಬೇಸಿಗೆಗೆ ಆ ಊದುಗೊಳವಿಯೂ ಮುಚ್ಚುತ್ತದೆ. ಮುಚ್ಚಿದರೆ ಒಳ್ಳೆಯದಲ್ಲವೇ, ಮುಚ್ಚಿಹೋದರೆ ಆಯಿ ಜಾರಿದ ಮಗಳ ತಾಯಿಯಾಗಿಯೇ ಉಳಿಯುತ್ತಾಳೆ, ಇಂಥದ್ದೊಂದು ಯೋಚನೆ ತನಗೆ ಬರುತ್ತದಲ್ಲ, ತನ್ನನ್ನು ಮಡಿಲಲ್ಲಿಟ್ಟು ಬೆಳೆಸಿದವಳ ಕಣ್ಣು ಬೇಗ ಮುಚ್ಚಲಿ ಎಂದು ಕಾಯುತ್ತಿದ್ದಾಳಲ್ಲ ತಾನು, ಛೀ. ಕಣ್ಣು ತೆರೆಯುವುದು ಅವಳ ಕಸುಬು. ಸ್ಟುಡಿಯೋಕ್ಕೆ ತೀರಿಹೋದವರ ಮನೆಯವರು ಬರುತ್ತಾರೆ, ಒಂದೂ ಫೋಟೋ ಇಲ್ರೀ, ಹೆಣಾ ಕುಂದ್ರಿಸಿದಾಗ ಮೊಬೈಲ್‌ನ್ಯಾಗ ತೆಗದದ್ದು ಇದೊಂದ ಐತಿ, ಪಂಪಾವತಿ ಕಂಪ್ಯೂಟರಿನಲ್ಲಿ ಮೂಗಿನ ಹತ್ತಿ ತೆಗೆಯುತ್ತಾಳೆ, ಗದ್ದಕ್ಕೆ ಕಟ್ಟಿದ ಬಟ್ಟೆ ಅಳಿಸುತ್ತಾಳೆ, ಬೇರೆ ಯಾರದೋ ಕಣ್ಣು ತಂದು ಮುಚ್ಚಿದ ರೆಪ್ಪೆಯ ಮೇಲೆ ಕೂರಿಸಿ ತೆರೆಯುತ್ತಾಳೆ, ಮೈಬಣ್ಣ ಒಂದಿಷ್ಟು ತಿಳಿ ಮಾಡುತ್ತಾಳೆ, ಮೈತುಂಬ ಕೋಟು, ಹಿಂದೆ ನೀಲಿ ಆಕಾಶ. ಹೊಳಿಯಮ್ಮ ಅನ್ನುವವಳು ಗಂಡನ ಫೋಟೋ ನೋಡಿ ಅತ್ತು ಕರೆದು ಕೊನೆಗೆ, ನಮ್ಮನಿಯವರು ಬದುಕಿದ್ದಾಗ ಒಂದಿನಾನೂ ನನ್ನ ಹಿಂಗ ನೆಟ್ಟಗ ನೋಡಲಿಲ್ಲ ಬಿಡವ್ವಾ, ಅಂದಿದ್ದಳು. ಅಂಥ ಪಂಪಾವತಿಗೆ ಒಂದು ಕಲ್ಲು ಯಾವ ಲೆಕ್ಕ. ಹೋದ ವಾರ ಮಾಡಿಬಿಟ್ಟಳು. ಒಂದು ಚಿತ್ರದ ಕಪ್ಪನ್ನು ಕಂಪ್ಯೂಟರಿನಲ್ಲಿ ಎತ್ತಿದಾಗ ಕಲ್ಲಿನ ಒಂದು ತುದಿ ಮಾತ್ರ ಎದ್ದು ಬಂದಿತ್ತು, ಉಳಿದದ್ದಕ್ಕೆ ಪಕ್ಕದ ಬಂಡೆಯ ತೇಪೆ ಹಾಕಿದಳು, ಕಲ್ಲು ಸಣ್ಣದಾಯಿತು, ಸಣ್ಣದೆಂದರೆ ಒಂದು ಪಾದ ಊರುವಷ್ಟು, ಮೇಲೊಂದಿಷ್ಟು ಪಾಚಿ ಹಸಿರು ಬಳಿದಳು, ಜಾರಲಿ ಎಂದು, ಅವ್ವ ಚೆನ್ನಾಗಿ ಜಾರಲಿ ಎಂದು. ನೋಡು ಆಯೀ, ಸಣ್ಣದು ಐತಿ ಆಯೀ, ಹೆಜ್ಜಿಯಷ್ಟ ಐತಿ ಆಯೀ. ಆಯಿ ಚಿತ್ರವನ್ನು ನೋಡಲೇ ಇಲ್ಲ, ಅವಳ ಮುಖದ ಕಡೆ ತಿರುಗಿ ಕೂತಳು. ಇದು ನೀ ಕಂಡದ್ದೋ ನೀ ಮಾಡಿದ್ದೋ? ಕಂಡದ್ದ ಆಯೀ. ನೀ ಸಣ್ಣಾಕಿ ಇದ್ದಾಗ ಬೆಲ್ಲ ಕದ್ದು ತಿಂದಾಗೂ ಹಿಂಗ ಮಾತಿಗೊಮ್ಮಿ ಆಯೀ ಆಯೀ ಅಂತ ರಾಗ ಎಳೀತಿದ್ದಿ ಪಂಪವ್ವ. ಸುಳ್ಳು ಹೇಳೂದು ನನ್ನಿಂದ ಕಲತಿ ಬಿಡು, ನಾ ನಿನಗ ಹೇಳಿದ್ದೆಲ್ಲಾ ಕಥಿನ. ಈಗ ಸಾಕು. ನನ್ನ ತಲಿ ಮ್ಯಾಲ ಕೈ ಇಡು, ಇದ್ದದ್ದು ಇದ್ದಂಗ ತಂದು ತೋರಸ್ತೀನಿ ಅನ್ನು. ಪಂಪಾವತಿ ಕೈಯಿಟ್ಟು ಅಂದಳು. ತೆಳ್ಳಗಿನ ಬಿಳಿ ಕೂದಲ ಕೆಳಗೆ ಬುರುಡೆ ಬೆಚ್ಚಗಿತ್ತು, ಹಕ್ಕಿಯ ಮರಿಯಷ್ಟು ಬೆಚ್ಚಗೆ. ನಾನೂ ಬರ್ತೀನಿ ನಿನ್ನ ಸಂಗಾಟ, ಅಮಾಸಿ ದಿನ, ಅವತ್ತಿನಂಗ.

ಅವತ್ತು. ಅವತ್ತಿನದು ಪಂಪಾವತಿಯ ಹತ್ತಿರ ಏನೂ ಇಲ್ಲ, ಇದೇ ಅತ್ತಿ ಮರದ ಟೊಂಗೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿದ್ದಳಂತೆ, ಒಂದು ಸದ್ದು ಮಾತ್ರ ಇದೆ, ಧಪ್, ಧಪ್, ಕಲ್ಲಿಗೆ ಬಟ್ಟೆ ಬಡಿಯುವ ಸದ್ದು, ಅದು ನೆನಪೋ ಆಯಿ ಹೇಳಿದ್ದಕ್ಕೆ ಹುಟ್ಟಿದ್ದೋ. ಅವ್ವ ನವಲಿಯ ಗದ್ದೆ ಸೀಮೆಯಿಂದ ಕೂಸನ್ನು ಕಂಕುಳಲ್ಲಿಟ್ಟುಕೊಂಡು ತವರಿಗೆ ಬಂದು ತಿಂಗಳಾಗಿತ್ತಂತೆ, ಬೆನ್ನ ಮೇಲೆ ಬಾಸುಂಡೆ ಇದ್ದವಂತೆ, ಆಯಿ ಅವಕ್ಕೆ ಎಣ್ಣೆ ಅರಿಷಿಣ ಹಚ್ಚಿದಳಂತೆ, ಹಚ್ಚುತ್ತಲೇ ಅಂದಳಂತೆ, ಹಬ್ಬ ಒಂದು ಮುಗೀಲಿ, ನವಲಿಗೆ ಬಿಟ್ಟು ಬರ್ತೀನಿ, ಹೆಣ್ಣಂದಮ್ಯಾಲ ತಾಳಬೇಕು. ಆಮೇಲೆ ಅಮಾಸಿಯ ದಿನ ನೀರಿಗೆ ಚರಗ ಚೆಲ್ಲಲು ಇಲ್ಲಿಗೆ ಬಂದರು, ತಾಯಿ ಮಗಳ ನಡುವೆ ಮಾತಿರಲಿಲ್ಲ, ಆಯಿ ದಡದಲ್ಲಿ ಬೆನ್ನು ತಿರುಗಿಸಿ ಕೌದಿ ಒಗೆಯುತ್ತ ಕೂತಳು, ಅವ್ವ ಬಂಡೆ ಹತ್ತಿ ನೀರಿನ ಹಿಂದೆ ಹೋದಳು, ಆಯಿ ಒಮ್ಮೆ ತಿರುಗಿ ನೋಡಿದಳು, ಬಿಸಿಲು ನೀರಿನ ಮೇಲೆ ಹೊಡೆದಿತ್ತು, ಕಣ್ಣು ಕುಕ್ಕಿತು, ಏನೂ ಕಾಣಲಿಲ್ಲ, ಜಳಕ ಮಾಡಾಕತ್ಯಾಳ ಅಂದುಕೊಂಡು ಮತ್ತೆ ಬೆನ್ನು ತಿರುಗಿಸಿದಳು, ಧಪ್, ಧಪ್. ಅದೇ ಬಿಸಿಲು. ಅವತ್ತು ಆಯಿಯ ಕಣ್ಣು ಕಟ್ಟಿದ ಬಿಸಿಲು, ಇವತ್ತಿನವರೆಗೆ ಪಂಪಾವತಿ ಬೇಕೆಂದೇ ತಡಮಾಡಿ ಬರಮಾಡಿಕೊಳ್ಳುತ್ತಿದ್ದ ಬಿಸಿಲು, ಇಬ್ಬರನ್ನೂ ಕಾಪಾಡಿದ ಬಿಸಿಲು.

ಸಾಕು, ಅವಳು ಟ್ರೈಪಾಡಿನ ಕಾಲುಗಳನ್ನು ಕಲ್ಲಿನ ಸಂದಿಗೆ ಒತ್ತಿ ನಿಲ್ಲಿಸಿದಳು. ಇಡೀ ಕಮರಿ ಈಗ ಒಂದೇ ನೆರಳಿನೊಳಗಿದೆ, ಮೇಲಿನ ಆಕಾಶದಿಂದ ಸೋಸಿ ಇಳಿಯುವ ಚಪ್ಪಟೆ ಬೆಳಕು, ಸೊಗಸಿಲ್ಲದ ಬೆಳಕು, ಇದನ್ನು ಫೋಟೋದವರು ಯಾರೂ ಮೆಚ್ಚುವುದಿಲ್ಲ, ಇದರಲ್ಲಿ ಜನ್ನತ್ ಇಲ್ಲ, ಹಾಲಿಲ್ಲ, ಹೊಳಪಿಲ್ಲ, ಬಿಳಿ ಅಷ್ಟು ಬಿಳಿಯಲ್ಲ, ಕಪ್ಪು ಅಷ್ಟು ಕಪ್ಪಲ್ಲ, ಇದ್ದದ್ದು ಇದ್ದ ಹಾಗೆ ಕಾಣುತ್ತದೆ, ಅಷ್ಟೇ ಇದರ ಗುಣ. ಲೆನ್ಸಿನ ಮುಂದಿನ ಗಾಜಿನ ಉಂಗುರ ತಿರುಗಿಸಿದಳು, ಆಯಿ ಅದನ್ನು ಬಳಿ ಅನ್ನುತ್ತಾಳೆ, ನಿನ್ನ ಕ್ಯಾಮೆರಾಕ್ಕ ಬಳಿ ಯಾಕ, ಅದಕ್ಕೂ ಲಗ್ನ ಆಗೇತೇನು, ಬಳೆ ಒಂದು ಸುತ್ತಿನ ಕಾಲುಭಾಗ ತಿರುಗುವಷ್ಟರಲ್ಲಿ ಒದ್ದೆ ಬಂಡೆಗಳ ಮೇಲಿನ ಹೊಳಪು ಅಳಿಸಿದ ಹಾಗೆ ಹೋಯಿತು, ಬಂಡೆಯ ಕೆಂಪು ಹೊರಬಂತು. ಶಟರ್ ಚುರುಕು ಮಾಡಿದಳು, ನೀರು ರೇಷ್ಮೆಯಾಗಕೂಡದು, ಹನಿ ಹನಿಯಾಗಿ ಒಡೆದು ನಡುವೆ ಸಂದು ಬಿಡಬೇಕು, ಬೆಳಕು ಸಾಲದು, ಸಾಲದಿದ್ದರೆ ಚಿತ್ರ ಕಾಳು ಕಾಳಾಗುತ್ತದೆ, ಆಗಲಿ, ಜೋಳದ ಹಿಟ್ಟಿನಷ್ಟು ತರಿಯಾಗಲಿ. ಕಿಂಡಿಯೊಳಗೆ ಉಸಿರು ಹಿಡಿದು ನೋಡಿದಳು, ನೀರು, ನೀರಿನ ಸಂದು, ಸಂದಿನಾಚೆ ಕಲ್ಲು. ಎಲ್ಲೋ ದೂರದ ಹೊಲದಲ್ಲಿ ಚರಗದವರ ಕೂಗು ಕೇಳಿಸಿತು. ಗುಡ್ಡದ ಅಂಚಿನ ಎಳೆ ದಪ್ಪವಾಗಿ ದಾರವಾಯಿತು, ದಾರ ಹಗ್ಗವಾಯಿತು, ಈಗ, ಈಗ ಇಲ್ಲದಿದ್ದರೆ — ಒತ್ತಿದಳು. ಒತ್ತಿದ್ದು ಬೆರಳಿಗೆ ತಿಳಿಯಲಿಲ್ಲ, ಕಿವಿಗೆ ತಿಳಿಯಿತು, ಮತ್ತೆ ಒತ್ತಿದಳು, ಮತ್ತೆ. ನಾಲ್ಕನೆಯದಕ್ಕೆ ಬಿಸಿಲು ಹಾರಿ ಬಂದು ನೀರಿಗೆ ಬೆಂಕಿ ಹಚ್ಚಿತು, ಕಲ್ಲು ಹೋಯಿತು, ಆದರೆ ಅದು ಆಗಲೇ ಪೆಟ್ಟಿಗೆಯೊಳಗೆ ಬಂದಾಗಿತ್ತು.

ಬಂತೇನು, ಆಯಿ ಕೇಳಿದಳು. ಬಂತು. ಈ ಸಲ ಪಂಪಾವತಿ ಆಯೀ ಅನ್ನಲಿಲ್ಲ, ರಾಗ ಎಳೆಯಲಿಲ್ಲ, ಅದಕ್ಕೇ ಇರಬೇಕು, ಆಯಿ ಬಾಯೊಳಗಿನ ಎಲೆಯಡಿಕೆ ಉಗುಳಿ ಸೆರಗಿನಿಂದ ತುಟಿ ಒರೆಸಿಕೊಂಡು, ದೇವರ ಮುಂದೆ ಕೂರುವವಳ ಹಾಗೆ ನೆಟ್ಟಗೆ ಕೂತಳು. ಬೆಳಕು ತಾಗದಂತೆ ಇಬ್ಬರ ತಲೆಯ ಮೇಲೂ ಕಂಬಳಿ ಎಳೆದುಕೊಂಡರು, ಒಳಗೆ ಕುರಿಯ ವಾಸನೆ, ಸುಣ್ಣದ ವಾಸನೆ, ಕಥೆ ಹೇಳುತ್ತಿದ್ದ ದಿನಗಳ ವಾಸನೆ, ನಡುವೆ ಕ್ಯಾಮೆರಾದ ಪುಟ್ಟ ಪರದೆ ಹಣತೆಯ ಹಾಗೆ. ಪಂಪಾವತಿ ಚಿತ್ರವನ್ನು ಹಿಗ್ಗಿಸಿದಳು, ಹಿಗ್ಗಿಸಿ ಕಲ್ಲಿನ ಎಡತುದಿಗೆ ತಂದು ನಿಲ್ಲಿಸಿದಳು, ಆಯಿ ಉಳಿದ ಒಂದು ಕಣ್ಣನ್ನು ಅದಕ್ಕೆ ಹಚ್ಚಿದಳು. ಇದು ಕಲ್ಲೇನು? ಹೌದು. ಸರಸು. ಸರಿಸಿದಳು. ಇನ್ನೂ ಐತೇನು? ಐತಿ. ಸರಸು. ಇನ್ನೂ? ಐತಿ. ಇಲ್ಲಿಗೆ ಮುಗೀತೋ? ಇಲ್ಲ ಆಯಿ, ಇನ್ನೂ ಐತಿ. ಬೆರಳು ಗುಂಡಿ ಒತ್ತುತ್ತಿತ್ತು, ಕಲ್ಲು ಸರಿಯುತ್ತಿತ್ತು, ಮುಗಿಯುತ್ತಿರಲಿಲ್ಲ, ಕಣ್ಣಿಗೆ ಒಂದೇ ನೋಟಕ್ಕೆ ಸಿಗಬೇಕಾದದ್ದು ಆ ಊದುಗೊಳವಿಯೊಳಗೆ ಹೊಲದಷ್ಟು ಉದ್ದವಾಗಿತ್ತು, ಒಂದು ಕಡೆಗೆ ಗೋಡೆಗೆ ಆನಿಕೊಳ್ಳಲು ಬೆನ್ನಿನಷ್ಟು ತಗ್ಗು ಕೂಡ ಇತ್ತು, ಪಂಪಾವತಿ ಅದನ್ನೂ ತೋರಿಸಿದಳು, ಇದ್ದದ್ದು ಇದ್ದ ಹಾಗೆ. ಆಯಿ ಕಣ್ಣನ್ನು ಆ ತಗ್ಗಿಗೆ ಇನ್ನಷ್ಟು ಹತ್ತಿರ ತಂದಳು. ಒಣಗಿ ಐತಲ್ಲ, ಅಂದಳು. ಹೂಂ. ಹಸಿ ಇಲ್ಲ. ಇಲ್ಲ. ಕುಂದ್ರಬೌದು. ಕುಂದ್ರಬೌದು ಆಯಿ. ಇಬ್ಬರು ಕುಂದ್ರಬೌದು, ಅಂದಳು ಆಯಿ, ಒಬ್ಬಾಕಿ ಜಡಿ ಹಾಕಿ ಕೊಡಬೌದು. ಹಾಗಾದರೆ ಅವ್ವ ನಿಂತ ಕೂಡಲೇ ಬಿದ್ದಿಲ್ಲ, ಹೋಗಿ ಕೂತಿದ್ದಾಳೆ, ಗೋಡೆಗೆ ಆನಿಕೊಂಡು ಕೂತಿದ್ದಾಳೆ, ನೆರಳಿನಿಂದ ಬಿಸಿಲಿನ ಕಡೆ ಎಲ್ಲವೂ ಚೆನ್ನಾಗಿ ಕಾಣುತ್ತದೆ, ಕೌದಿ ಒಗೆಯುವ ತಾಯಿಯ ಬೆನ್ನು ಕಂಡಿದೆ, ಮರದ ಜೋಳಿಗೆ ಕಂಡಿದೆ, ನೋಡುತ್ತ ಕೂತಿದ್ದಾಳೆ, ಎಷ್ಟು ಹೊತ್ತು, ಒಂದು ಕೌದಿಯಷ್ಟು ಹೊತ್ತೋ ಎರಡು ಕೌದಿಯಷ್ಟೋ, ಧಪ್, ಧಪ್.

ಆಯಿ ಕಂಬಳಿ ಸರಿಸಿ ಹೊರಗೆ ಬಂದಳು. ಕೈಗೋಲು ಹುಡುಕಲಿಲ್ಲ, ಕೂತಲ್ಲಿಂದಲೇ ಮುಖವನ್ನು ನೀರಿನ ಸದ್ದಿನ ಕಡೆ ಎತ್ತಿದಳು, ಬಿಸಿಲು ಸುಕ್ಕುಗಳ ಮೇಲೆಲ್ಲ ಬಿತ್ತು, ಈಗ ಅದು ಅವಳಿಗೆ ಏನನ್ನೂ ಮುಚ್ಚಲಾರದು. ಗಂಗೀ, ಅಂತ ಕರೆದಳು. ಕಥೆ ಹೇಳುವ ದನಿಯಲ್ಲ, ಊಟಕ್ಕೆ ಕರೆಯುವ ದನಿ, ರೊಟ್ಟಿ ಆರುತ್ತದೆ ಬಾ ಅನ್ನುವ ದನಿ. ಗಂಗೀ, ಅಂತ ಇನ್ನೊಮ್ಮೆ. ಮೂರನೆಯ ಸಲಕ್ಕೆ ಬಾಯಿ ತೆರೆದದ್ದು ತೆರೆದೇ ಉಳಿಯಿತು, ದನಿ ಬರಲಿಲ್ಲ, ಪಂಪಾವತಿ ಕಾದಳು, ತಾನಾದರೂ ಕರೆಯಬೇಕೆಂದುಕೊಂಡಳು, ಅವ್ವನನ್ನು ಹೆಸರು ಹಿಡಿದು ಕರೆದು ನಾಲಿಗೆಗೆ ಗೊತ್ತಿರಲಿಲ್ಲ, ಕೈಯೊಳಗಿನ ಪರದೆ ಇನ್ನೂ ಆರಿರಲಿಲ್ಲ, ಅದರಲ್ಲಿ ನೀರಿನ ಹಿಂದೆ ಆ ಕಲ್ಲು, ಒಣಗಿದ ಕಲ್ಲು, ಇಬ್ಬರು ಕೂತು ಜಡೆ ಹೆಣೆಯುವಷ್ಟು ಅಗಲದ ಕಲ್ಲು, ಆ ಕಲ್ಲು.